ಬೆಳಗಿನ ಜಾವದ ಗಿರಾಕಿ

ಮೈಸೂರು
9 ಡಿಸೆಂಬರ್ 2025, ಮಂಗಳವಾರ, ರಾತ್ರಿ

ಭಾನುವಾರ ರಾತ್ರಿ ಕೂತು ನಾನು ಹೆಮ್ಮೆಯಿಂದ ಬರೆದ ನಿಯಮವೊಂದು ಇಂದು ಧಾರವಾಡದ ನಿವೃತ್ತ ಮೇಷ್ಟರೊಬ್ಬರನ್ನು ಅಂಗಡಿಯಿಂದ ಹೊರಗೆ ಹಾಕಿತು. ಅವರು ಫೋನಿನಲ್ಲಿ ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತು ಮಲಗಿರುತ್ತಿದ್ದೆ.

ನಾನು ನೋಡಿಕೊಳ್ಳುವ, ರಾಯರ ಹಳೆಯ ಪುಸ್ತಕದಂಗಡಿಯ ಜಾಲತಾಣದಲ್ಲಿ ಹೆಚ್ಚಿನ ಪುಸ್ತಕಗಳಿಗೆ ಒಂದೇ ಪ್ರತಿ. ಒಬ್ಬರು ಬುಟ್ಟಿಗೆ ಹಾಕಿಕೊಂಡರೆ ಹದಿನೈದು ನಿಮಿಷ ಅದು ಉಳಿದವರಿಗೆ ‘ಲಭ್ಯವಿಲ್ಲ’ ಎಂದೇ ಕಾಣುತ್ತದೆ. ಕಳೆದ ತಿಂಗಳಿಂದ ಪುಸ್ತಕಗಳು ಬುಟ್ಟಿಗೆ ಹೋಗುವುದು, ಸುಮ್ಮನೆ ಹಿಂತಿರುಗುವುದು ನಡೆದೇ ಇತ್ತು. ಮಾರಾಟ ಮಾತ್ರ ಇದ್ದಲ್ಲೇ ಇತ್ತು. ರಾಯರು ಭೇಟಿಯ ಲೆಕ್ಕವನ್ನಷ್ಟೇ ನೋಡಿ, “ಜನ ಮತ್ತೆ ಓದೋಕೆ ಶುರು ಮಾಡಿದ್ದಾರೆ ಕಣಮ್ಮಾ” ಎಂದು ಬಂದವರಿಗೆಲ್ಲ ಕಾಫಿ ಕೊಡಿಸುತ್ತಿದ್ದರು. ವಿಕಿಪೀಡಿಯದವರ ಕಥೆಯನ್ನು ನಾನು ಅವರಿಗೆ ಹೇಳಿದೆ. ಈ ವರ್ಷ ಮೇ ತಿಂಗಳ ಹೊತ್ತಿಗೆ ಬ್ರೆಜಿಲ್‌ನಿಂದ ಮನುಷ್ಯರದೆಂದು ಕಾಣುವ ಭೇಟಿಗಳು ವಿಪರೀತ ಏರಿದವು. ಅನುಮಾನ ಬಂದು, ತಾವಾಗಿಯೇ ಪುಟ ತೆರೆಯುವ ಪ್ರೋಗ್ರಾಂಗಳಾದ ಬಾಟ್‌ಗಳನ್ನು ಗುರುತಿಸುವ ಕ್ರಮವನ್ನೇ ತಿದ್ದಿ ಮತ್ತೆ ಲೆಕ್ಕ ಹಾಕಿದಾಗ, ಮನುಷ್ಯರ ಭೇಟಿ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 8ರಷ್ಟು ಕಡಿಮೆಯಾಗಿದ್ದುದು ಗೊತ್ತಾಯಿತು. ರಾಯರು ಕನ್ನಡಕ ಒರೆಸಿಕೊಂಡು, “ಬ್ರೆಜಿಲ್‌ನಲ್ಲಿ ಕಾಫಿ ಬೆಳೆಯೋದು ಬಿಟ್ಟರಾ?” ಎಂದರು. ಅವರಿಗೆ ಬೇಸರವಾಯಿತೆಂದು ನನಗೆ ತಿಳಿಯಿತು.

ಹೆಸರು ಹೇಳಿಕೊಂಡು ಬರುವ ಬಾಟ್‌ಗಳಿಂದ ತೊಂದರೆಯಿಲ್ಲ. ಜಿಪಿಟಿಬಾಟ್, ಕ್ಲಾಡ್‌ಬಾಟ್ ಮುಂತಾದ ಎಐ ಕಂಪನಿಗಳ ಬಾಟ್‌ಗಳು ತಮ್ಮ ಹೆಸರನ್ನು ಭೇಟಿಗಳ ದಾಖಲೆಯಾದ ಲಾಗಿನ ಸಾಲಿನಲ್ಲೇ ಬಿಟ್ಟುಹೋಗುತ್ತವೆ. ಬಳಕೆದಾರರು ಏನಾದರೂ ಕೇಳಿದಾಗ ಬರುವ ಚಾಟ್‌ಜಿಪಿಟಿ-ಯೂಸರ್‌ನಂಥವಕ್ಕೆ ಬೇರೆಯದೇ ಹೆಸರಿದೆ. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದಾದ್ದರಿಂದ, ಕಂಪನಿಗಳು ಪ್ರಕಟಿಸಿರುವ ಐಪಿ ವಿಳಾಸಗಳ, ಅಂದರೆ ಕೋರಿಕೆ ಹೊರಟ ಸಂಪರ್ಕಗಳ ಸಂಖ್ಯೆಗಳ, ಪಟ್ಟಿಯೊಡನೆ ತಾಳೆ ನೋಡುತ್ತೇನೆ. ಇತ್ತೀಚೆಗೆ ಸಹಿಯ ಪದ್ಧತಿಯೂ ಬಂದಿದೆ. 2024ರಲ್ಲಿ ಆರ್‌ಎಫ್‌ಸಿ 9421 ಎಂಬ ಅಂತರ್ಜಾಲ ಮಾನದಂಡವಾಗಿ ಗೊತ್ತುಪಡಿಸಿದ ಕ್ರಮದಲ್ಲಿ ಏಜೆಂಟು (ಬಳಕೆದಾರನ ಪರವಾಗಿ ಜಾಲತಾಣಗಳಲ್ಲಿ ಕೆಲಸ ಮಾಡುವ ಎಐ) ತನ್ನ ಗುಪ್ತ ಕೀಲಿಯಿಂದ ಪ್ರತಿ ಕೋರಿಕೆಗೂ ಸಹಿ ಹಾಕುತ್ತದೆ, ಅದರ ಕಂಪನಿ ಪ್ರಕಟಿಸಿದ ಸಾರ್ವಜನಿಕ ಕೀಲಿಯಿಂದ ನಾವು ಅದನ್ನು ಪರೀಕ್ಷಿಸುತ್ತೇವೆ. ಚಾಟ್‌ಜಿಪಿಟಿ ಏಜೆಂಟ್ ಹೀಗೆ ಸಹಿ ಹಾಕಿಯೇ ಬರುತ್ತದೆ. ಆದರೆ ಬಳಕೆದಾರನ ಸ್ವಂತ ಬ್ರೌಸರಿನೊಳಗೇ ಕೂತು ಕೆಲಸ ಮಾಡುವ ಏಜೆಂಟಿಗೆ ಬಹಳ ಸಲ ಹೆಸರೂ ಇರುವುದಿಲ್ಲ, ಸಹಿಯೂ ಇರುವುದಿಲ್ಲ. ಐಪಿ ವಿಳಾಸ ಯಾರದೋ ಮನೆಯ ಬ್ರಾಡ್‌ಬ್ಯಾಂಡಿನದು, ಬ್ರೌಸರಿನಲ್ಲಿ ಉಳಿಯುವ ಗುರುತುಗಳಾದ ಕುಕಿಗಳು ಆ ಮನೆಯವರವು, ಬ್ರೌಸರಿನ ಹೆಸರು ಅದೇ ಮಾಮೂಲು ಕ್ರೋಮ್. ಅದನ್ನು ನಡಿಗೆಯಿಂದಲೇ ಗುರುತಿಸಬೇಕು.

ಶುಕ್ರವಾರದ ಲಾಗಿನಲ್ಲಿ ಅಂಥದೊಂದು ನಡಿಗೆ ಇತ್ತು. ಬೆಳಗಿನ ಜಾವ 4 ಗಂಟೆ 52 ನಿಮಿಷಕ್ಕೆ ಹಳಗನ್ನಡ ವ್ಯಾಕರಣದ ಒಂದು ಪುಸ್ತಕದ ಪುಟ ತೆರೆಯುತ್ತದೆ. ಎರಡು ಸೆಕೆಂಡಿನೊಳಗೆ ಪುಸ್ತಕ ಬುಟ್ಟಿಗೆ. ಬುಟ್ಟಿಯ ಪುಟವನ್ನು ಒಮ್ಮೆ ನೋಡುತ್ತದೆ. ಹಿಂದಕ್ಕೆ ಬಂದು ಇನ್ನೊಂದು ಪುಸ್ತಕ, ಮತ್ತೆ ಬುಟ್ಟಿ. ಒಂಬತ್ತು ಪುಸ್ತಕಗಳು ಹೀಗೆ ಹೋದವು. ಹಳೆಯ ಪುಸ್ತಕ ಕೊಳ್ಳುವವರು ಗೆದ್ದಲು ಹಿಡಿದಿದೆಯೇ ಎಂದು ಮುಖಪುಟದ ದೊಡ್ಡ ಚಿತ್ರವನ್ನು ತೆರೆದೇ ತೆರೆಯುತ್ತಾರೆ. ಇಲ್ಲಿ ಒಂದನ್ನೂ ತೆರೆದಿರಲಿಲ್ಲ. ಇದು ಮನುಷ್ಯನಲ್ಲ ಎಂದು ತೀರ್ಮಾನಿಸಿ, ಒಂದು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಪುಸ್ತಕಗಳನ್ನು ಬುಟ್ಟಿಗೆ ಹಾಕಿದವರಿಗೆ 429ರ, ಅಂದರೆ ‘ಕೋರಿಕೆಗಳು ಅತಿಯಾದವು’ ಎಂಬ, ಉತ್ತರ ಕೊಟ್ಟು, ಟ್ರಾಫಿಕ್ ಸಿಗ್ನಲ್ಲಿನ ಚಿತ್ರಗಳನ್ನು ಆರಿಸಲು ಹೇಳುವ ಕ್ಯಾಪ್ಚಾ ತೋರಿಸುವಂತೆ ನಿಯಮ ಬರೆದೆ.

ಇಂದು ಬೆಳಗ್ಗೆ ಮೇಷ್ಟರು ಅಂಗಡಿಗೆ ಫೋನ್ ಮಾಡಿದರು, ರಾಯರು ನನ್ನ ನಂಬರು ಕೊಟ್ಟರು.

“ತಂಗೀ, ಆ ಒಂಬತ್ತು ಪುಸ್ತಕ ಬುಟ್ಟ್ಯಾಗ ಹಾಕಿದಾಂವ ನಾನs” ಎಂದರು. “ಬೇಕಾರ ಮಷೀನು ಅಂತ ಬರಕೋ, ಆದ್ರ ಅದನ್ನ ಕಳಿಸಿದಾಂವ ನಾನು. ಗ್ಲಾಕೋಮಾ ಆಗಿ ಐದು ವರ್ಷ ಆತು. ಮೊಮ್ಮಗ ಇದನ್ನ ಹಚ್ಚಿಕೊಟ್ಟಾನ. ನಾ ಬಾಯಿಲೆ ಹೇಳ್ತೀನಿ, ಅದು ಹುಡುಕಿ ಓದಿ ಹೇಳತೈತಿ. ನಸಿಕಿನ್ಯಾಗ ನಿದ್ದಿ ಬರೂದಿಲ್ಲಲ್ಲಾ, ಅದಕ.”

ಕಣ್ಣು ಕಾಣದವರ ಮುಂದೆ ಟ್ರಾಫಿಕ್ ಸಿಗ್ನಲ್ಲಿನ ಚಿತ್ರಗಳನ್ನು ಹಿಡಿದಿದ್ದೆನಲ್ಲಾ ಎಂದು ನನಗೆ ಮಾತೇ ಹೊರಡಲಿಲ್ಲ. ಅವರೇ ಮುಂದುವರಿಸಿದರು.

“ಅಂಗಡಿಗೇ ಬಂದಿದ್ರ ಮೊಮ್ಮಗನ ಕೈ ಹಿಡಕೊಂಡು ಬರ್ತಿದ್ದೆ. ಅವನ್ನ ಬಾಗಲದಾಗ ನಿಂದರಿಸಿ, ನೀ ಒಳಗ ಬರಬ್ಯಾಡ ಅಂತಿದ್ರೇನು?”

ಇಲ್ಲ ಎಂದೆ. ಆದರೆ ನಿಮ್ಮ ಮೊಮ್ಮಗ ಒಂಬತ್ತು ಪುಸ್ತಕಗಳನ್ನು ಕಪಾಟಿನಿಂದ ಎತ್ತಿಕೊಂಡು ಹದಿನೈದು ನಿಮಿಷ ಯಾರಿಗೂ ಕೊಡದೆ ನಿಂತಿದ್ದರೆ ರಾಯರು ಏನಾದರೂ ಅನ್ನುತ್ತಿದ್ದರಲ್ಲವೇ ಸರ್, ಎಂದೂ ಕೇಳಿದೆ. ಕೇಳಬಾರದಿತ್ತೇನೋ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಅಷ್ಟೂ ಹಿಡಕೊಂಡು ನಿಲ್ಲತೈತಿ ಅನ್ನೂದು ನನಗ ಗೊತ್ತಿರಲಿಲ್ಲ ನೋಡವಾ. ಅದು ತಪ್ಪs. ನಾ ಹೇಳಿದ್ದು ಇಷ್ಟs, ಅಂಚೆ ಖರ್ಚು ಸೇರಿಸಿ ಯಾವುದಕ್ಕ ಎಷ್ಟಾಗತೈತಿ ಕೇಳು ಅಂತ.”

ಫೋನ್ ಇಟ್ಟ ಮೇಲೆ ಲಾಗನ್ನು ಮತ್ತೆ ತೆರೆದೆ. ಪುಸ್ತಕದ ತೂಕಕ್ಕೆ ಅಂಚೆ ವೆಚ್ಚ ಎಷ್ಟೆಂಬುದು ನಮ್ಮ ಜಾಲತಾಣದಲ್ಲಿ ಬುಟ್ಟಿಗೆ ಹಾಕಿದ ಮೇಲಷ್ಟೇ ಕಾಣುತ್ತದೆ. ನಾಲ್ಕು ವರ್ಷಗಳ ಹಿಂದೆ ಹಾಗೆ ಕಟ್ಟಿದವಳು ನಾನೇ. ಏಜೆಂಟು ಪ್ರತಿ ಪುಸ್ತಕಕ್ಕೂ ಬುಟ್ಟಿಯವರೆಗೆ ಹೋಗಿ ಬಂದದ್ದು ದುರುದ್ದೇಶದಿಂದಲ್ಲ. ಬೆಲೆ ಕೇಳಲು ಬೇರೆ ದಾರಿಯನ್ನೇ ನಾನು ಇಟ್ಟಿರಲಿಲ್ಲ. ಅದೇ ಒಂಬತ್ತು ಸಾಲುಗಳನ್ನು ಶುಕ್ರವಾರ ನೋಡಿದಾಗ ನನಗೆ ಕಂಡದ್ದು ಕಳ್ಳ.

ಸಂಜೆಯೊಳಗೆ ಅಂಚೆ ವೆಚ್ಚವನ್ನು ಪುಸ್ತಕದ ಪುಟದಲ್ಲೇ ತೋರಿಸುವಂತೆ ಮಾಡಿದೆ, ಹದಿನೈದು ನಿಮಿಷದ ತಡೆ ಹಣ ಪಾವತಿಯ ಹೆಜ್ಜೆಯಲ್ಲಿ ಮಾತ್ರ ಶುರುವಾಗುವಂತೆ ಬದಲಿಸಿದೆ. ಕ್ಯಾಪ್ಚಾ ತೆಗೆದುಹಾಕಿದೆ. 429 ಇದೆ, ಇರಲಿ. ಆತುರದಿಂದ ಕಪಾಟು ಕೆಡವುವವರಿಗೆ, ಮೊಮ್ಮಕ್ಕಳಾದರೂ ಸರಿ, ಸ್ವಲ್ಪ ತಡೆಯಿರಿ ಎನ್ನುವುದು ತಪ್ಪಲ್ಲ. ರಾಯರು ಒಂಬತ್ತರಲ್ಲಿ ಮೂರು ಪುಸ್ತಕಗಳನ್ನು ಧಾರವಾಡಕ್ಕೆ ಕಟ್ಟಿಟ್ಟಿದ್ದಾರೆ.

ಈಗ ಕೂತು ನಿಗಾ ಪಟ್ಟಿಗೆ ಹೊಸ ಕಾಲಂ ಒಂದನ್ನು ಸೇರಿಸುತ್ತಿದ್ದೇನೆ. ಇದುವರೆಗೆ ‘ಮನುಷ್ಯ’ ಅಥವಾ ‘ಬಾಟ್’ ಎಂದು ಬರೆದರೆ ಸಾಕಾಗುತ್ತಿತ್ತು. ಹೊಸದಕ್ಕೆ ‘ಯಾರ ಪರವಾಗಿ’ ಎಂದು ಹೆಸರಿಟ್ಟೆ. ಆದರೆ ಸಹಿಯಿಲ್ಲದ, ಹೆಸರಿಲ್ಲದ ಸಾಲುಗಳ ಎದುರು ಅಲ್ಲಿ ಏನು ತುಂಬಬೇಕು? ಯಾರ ಪರವಾಗಿ ಬಂದೆ ಎಂದು ಪ್ರತಿಯೊಬ್ಬರನ್ನೂ ಕೇಳಿದರೆ, ಮನೆಯಲ್ಲಿ ಯಾರಿಗೆ ಕಣ್ಣು ಕಾಣುವುದಿಲ್ಲ ಎಂದು ವಿಚಾರಿಸಿದ ಹಾಗಾಗುತ್ತದೆ. ಕೇಳದೆ ಬಿಟ್ಟರೆ ಮತ್ತೆ ನಡಿಗೆ ನೋಡಿಯೇ ಊಹಿಸಬೇಕು, ಆ ಊಹೆ ಎಷ್ಟರಮಟ್ಟಿನದೆಂದು ಇಂದು ಬೆಳಗ್ಗೆಯೇ ಗೊತ್ತಾಯಿತಲ್ಲ.