ಎಣ್ಣೆ ಹೆಚ್ಚಾಗುತ್ತಿದೆ ಎಂದ ಯಜಮಾನರು, ನಾನು ಬರೆದ ಜಾಬ್ ಕಾರ್ಡ್

ಹಾಸನದ ಒಂದು ಕಾರು ಡೀಲರ್‌ಶಿಪ್ಪಿನ ವರ್ಕ್‌ಶಾಪಿನಲ್ಲಿ ನಾನು ಸರ್ವಿಸ್ ಅಡ್ವೈಸರ್ ಆಗಿ ಸೇರಿ ಹನ್ನೊಂದು ವರ್ಷಗಳಾದವು. ಗಾಡಿಯ ಮಾಲೀಕರು ಹೇಳುವ ದೂರನ್ನು ಜಾಬ್ ಕಾರ್ಡಿನಲ್ಲಿ ಬರೆದು ಒಳಗಿನ ಮೆಕ್ಯಾನಿಕ್‌ಗಳಿಗೆ ದಾಟಿಸುವುದು, ಸಂಜೆ ಅವರು ಮಾಡಿದ ಕೆಲಸವನ್ನು ಮಾಲೀಕರಿಗೆ ತಿಳಿಯುವಂತೆ ವಿವರಿಸಿ ಬಿಲ್ಲು ಕೊಡುವುದು ನನ್ನ ಕೆಲಸ. ಕಂಪನಿಯ ಹೆಸರನ್ನಾಗಲಿ ಗಾಡಿಯ ಮಾಡೆಲನ್ನಾಗಲಿ ಇಲ್ಲಿ ಬರೆಯುವುದಿಲ್ಲ. ನಾನು ಹೇಳಬೇಕಾಗಿರುವುದಕ್ಕೆ ಅದರ ಅಗತ್ಯವೂ ಇಲ್ಲ. ಅದೊಂದು ಮಿಡ್‌ಸೈಜ್ ಎಸ್‌ಯುವಿ ಎಂದರೆ ಸಾಕು. 2012ರಲ್ಲಿ ರೆನೋ ಡಸ್ಟರ್, 2015ರಲ್ಲಿ ಹ್ಯುಂಡೈ ಕ್ರೆಟಾ ಬಂದ ಮೇಲೆ ನಮ್ಮ ದೇಶದಲ್ಲಿ ಗಟ್ಟಿಯಾಗಿ ಬೇರೂರಿದ, ನಾಲ್ಕು ಮೀಟರಿಗಿಂತ ಉದ್ದವಾದರೂ ನಾಲ್ಕೂವರೆ ಮೀಟರನ್ನು ಮುಟ್ಟದ ವರ್ಗದ ಗಾಡಿ ಅದು.

ಮದುವೆಮನೆಯ ಊಟದ ಸಾಲಿನಲ್ಲಿ ಕುಳಿತರೂ ನನಗೆ ಎದುರಾಗುವ ಪ್ರಶ್ನೆ ಒಂದೇ: "ಈ ಗಾಡಿ ನಂಬಬಹುದಾ?" ಮೊದಮೊದಲು ನಾನು ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುತ್ತಿದ್ದೆ. ಈಗ ಉತ್ತರಿಸುವ ಮೊದಲು ದಿನಕ್ಕೆ ಎಷ್ಟು ದೂರ ಓಡಿಸುತ್ತೀರಿ, ಎಲ್ಲಿ ಓಡಿಸುತ್ತೀರಿ ಎಂದು ಕೇಳುತ್ತೇನೆ. ಈ ಬದಲಾವಣೆಗೆ ಕಾರಣರಾದವರು ಅರಕಲಗೂಡು ಕಡೆಯ ಒಬ್ಬ ಕೃಷಿಕರು. ಆಲೂಗಡ್ಡೆ ಮತ್ತು ಶುಂಠಿ ಬೆಳೆಯುವ, ಅರವತ್ತು ದಾಟಿದ ಅವರನ್ನು ವರ್ಕ್‌ಶಾಪಿನಲ್ಲಿ ಎಲ್ಲರೂ ಯಜಮಾನರೆಂದೇ ಕರೆಯುತ್ತೇವೆ.

ಯಜಮಾನರು ಕೊಂಡದ್ದು, ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್ 6 ನಿಯಮದಂತೆ ತಯಾರಾದ ಡೀಸೆಲ್ ಗಾಡಿಯನ್ನು. ಮೂವತ್ತು ವರ್ಷ ಟ್ರ್ಯಾಕ್ಟರ್ ಸಾಕಿದವರಾದ್ದರಿಂದ ಪ್ರತಿ ಭಾನುವಾರ ಬೆಳಗ್ಗೆ ಬಾನೆಟ್ ತೆರೆದು, ಎಣ್ಣೆಯ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಎಂಬ ಕಡ್ಡಿಯನ್ನು ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ನೋಡುವುದು ಅವರ ರೂಢಿ. ಕಾರಿನ ಮಾಲೀಕರಲ್ಲಿ ಹೀಗೆ ಮಾಡುವವರು ನನಗೆ ತಿಳಿದಂತೆ ನೂರಕ್ಕೆ ಇಬ್ಬರೂ ಸಿಗುವುದಿಲ್ಲ. ಒಂದು ಸೋಮವಾರ ಅವರು ಕೌಂಟರಿಗೆ ಬಂದು, "ಎಂಜಿನ್ ಆಯಿಲ್ ಕಮ್ಮಿಯಾಗೋದು ಕಂಡಿದೀನಿ, ಜಾಸ್ತಿಯಾಗೋದು ಇದೇ ಮೊದಲು ಕಣಪ್ಪ. ನೋಡು ಸ್ವಲ್ಪ" ಎಂದರು. ನಾನು ನಕ್ಕೆ. ಎದುರಿಗೆ ಜೋರಾಗಿ ನಗಲಿಲ್ಲವಾದರೂ ಮುಖದಲ್ಲಿದ್ದದ್ದು ಅವರಿಗೆ ಕಾಣಿಸಿತ್ತು ಎಂದು ಮುಂದೆ ಅವರೇ ಹೇಳಿದರು. ಎಣ್ಣೆ ತಾನಾಗಿ ಹೆಚ್ಚುವುದು ಸಾಧ್ಯವೇ, ಹಿಂದಿನ ಸರ್ವಿಸಿನಲ್ಲಿ ನಮ್ಮ ಹುಡುಗರು ಅಳತೆ ಮೀರಿ ಹಾಕಿರಬೇಕು ಎಂದು ತೀರ್ಮಾನಿಸಿ, ಮೇಲಿನ ಗುರುತಿನವರೆಗೆ ಮಾತ್ರ ಉಳಿಸಿ ಮಿಕ್ಕ ಎಣ್ಣೆಯನ್ನು ತೆಗೆಸಿದೆ. ಜಾಬ್ ಕಾರ್ಡಿನಲ್ಲಿ ಬರೆದದ್ದು ನಾಲ್ಕೇ ಪದ: "ಆಯಿಲ್ ಲೆವೆಲ್ ಚೆಕ್, ಓಕೆ."

ಆರು ವಾರಗಳ ನಂತರ ಅವರು ಅದೇ ಮಾತಿನೊಂದಿಗೆ ಮರಳಿ ಬಂದರು. ಆ ದಿನ ನನ್ನ ಕೌಂಟರಿನ ಮುಂದೆ ಹತ್ತು ಗಾಡಿಗಳಿದ್ದವು. ಮತ್ತೆ ಅದೇ ಕೆಲಸ, ಮತ್ತೆ ಅದೇ ನಾಲ್ಕು ಪದ. ಮೂರನೆಯ ಸಲ ಬಂದಾಗ ನಮ್ಮ ಹಿರಿಯ ಮೆಕ್ಯಾನಿಕ್ ಒಬ್ಬರು ಡಿಪ್‌ಸ್ಟಿಕ್ಕನ್ನು ಮೂಗಿಗೆ ಹಿಡಿದು, ಎರಡು ಬೆರಳಿನ ನಡುವೆ ಎಣ್ಣೆಯನ್ನು ತಿಕ್ಕಿ ನೋಡಿ, "ಇದು ಆಯಿಲ್ ಅಲ್ಲ, ಅರ್ಧ ಡೀಸೆಲ್ಲು" ಎಂದರು. ಅರ್ಧ ಎಂಬುದು ಅವರ ಮಾತಿನ ಭರಾಟೆ. ಆದರೆ ಡೀಸೆಲ್ ವಾಸನೆ ನನ್ನ ಮೂಗಿಗೂ ಹೊಡೆಯಿತು.

ಆದದ್ದೇನೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಡೀಸೆಲ್ ಎಸ್‌ಯುವಿ ಇಟ್ಟುಕೊಂಡವರಲ್ಲಿ ಬಹುಮಂದಿಗೆ ಇದನ್ನು ಯಾರೂ ಹೇಳಿರುವುದಿಲ್ಲ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್ 6 ನಿಯಮ ಜಾರಿಯಾದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಮಸಿ ಸೋಸುವ ಫಿಲ್ಟರ್ ಬಂದಿತು. ಸೋಸಿದ ಮಸಿ ಅದರಲ್ಲೇ ತುಂಬಿಕೊಳ್ಳುವುದರಿಂದ ಆಗಾಗ ಅದನ್ನು ಸುಟ್ಟು ತೆಗೆಯಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಗಾಡಿಯಲ್ಲಿ ಹೊಗೆಯ ಬಿಸಿಯಿಂದಲೇ ಬಹುಪಾಲು ಮಸಿ ಉರಿದುಹೋಗುತ್ತದೆ. ಹಾಗೆ ಓಡದ ಗಾಡಿಯಲ್ಲಿ ಎಂಜಿನ್ನಿನ ಕಂಪ್ಯೂಟರ್ ತಾನೇ ಮುಂದಾಗಿ, ಸಿಲಿಂಡರಿಗೆ ತಡವಾಗಿ ಸ್ವಲ್ಪ ಹೆಚ್ಚಿನ ಡೀಸೆಲ್ ಸಿಂಪಡಿಸಿ, ಫಿಲ್ಟರಿನ ಬಿಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತದೆ. ಇದು ಮುಗಿಯಲು ಹದಿನೈದಿಪ್ಪತ್ತು ನಿಮಿಷವಾದರೂ ಗಾಡಿ ನಿಲ್ಲದೆ ಓಡುತ್ತಿರಬೇಕು. ನಡುವೆ ಕೀ ತಿರುಗಿಸಿ ನಿಲ್ಲಿಸಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮರುದಿನ ಮತ್ತೆ ಮೊದಲಾಗುತ್ತದೆ, ಮತ್ತೆ ನಿಲ್ಲುತ್ತದೆ. ಪ್ರತಿ ಸಲವೂ ಉರಿಯದೆ ಉಳಿದ ಡೀಸೆಲ್‌ನಲ್ಲಿ ಒಂದಿಷ್ಟು ಸಿಲಿಂಡರಿನ ಗೋಡೆಯ ಮೇಲೆ ಜಾರಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಎಣ್ಣೆ ತೆಳ್ಳಗಾಗುತ್ತದೆ, ಅಳತೆ ಮೇಲೇರುತ್ತದೆ. ಯಜಮಾನರು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು.

ಆಗ ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: ಗಾಡಿಯನ್ನು ಯಾವುದಕ್ಕೆ ಬಳಸುತ್ತೀರಿ? ಮನೆಯಿಂದ ಜಮೀನಿಗೆ ಎರಡು ಕಿಲೋಮೀಟರ್. ಬೆಳಗ್ಗೆ ಒಮ್ಮೆ, ಕೆಲಸದವರಿಗೆ ಊಟ ಒಯ್ಯಲು ಮಧ್ಯಾಹ್ನ ಒಮ್ಮೆ, ಸಂಜೆ ಪಂಪ್‌ಸೆಟ್ಟಿನ ಕರೆಂಟು ನೋಡಿಕೊಂಡು ಬರಲು ಇನ್ನೊಮ್ಮೆ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಕೀ ಹೊರಗೆ ಬರುತ್ತಿತ್ತು. ಅದೇ ಮಾಡೆಲಿನ, ಅದೇ ಎಂಜಿನ್ನಿನ ಇನ್ನೊಂದು ಗಾಡಿ ನಮ್ಮಲ್ಲಿಗೆ ಬರುತ್ತದೆ. ಔಷಧ ಕಂಪನಿಯ ಪ್ರತಿನಿಧಿಯೊಬ್ಬರದ್ದು, ವಾರಕ್ಕೆರಡು ಸಲ ಮಂಗಳೂರು, ಒಂದು ಸಲ ಬೆಂಗಳೂರು. ಒಂದು ಲಕ್ಷ ಕಿಲೋಮೀಟರ್ ದಾಟಿದ್ದರೂ ಅದರ ಡಿಪಿಎಫ್ ದೀಪ ಒಮ್ಮೆಯೂ ಹೊತ್ತಿಲ್ಲ. ಈ ಗಾಡಿಯನ್ನು ನಂಬಬಹುದೇ ಎಂದು ಇಬ್ಬರನ್ನೂ ಕೇಳಿದರೆ ಇಬ್ಬರೂ ಪ್ರಾಮಾಣಿಕವಾಗಿಯೇ ಎರಡು ತದ್ವಿರುದ್ಧ ಉತ್ತರ ಕೊಡುತ್ತಾರೆ.

ಹಾಗೆಂದು ತಪ್ಪನ್ನು ಮಾಲೀಕರ ತಲೆಗೆ ಕಟ್ಟುವುದು ಅನ್ಯಾಯ. ಗಾಡಿ ಮಾರುವಾಗ ಷೋರೂಮಿನಲ್ಲಿ ಅವರ ದಿನದ ಓಡಾಟವನ್ನು ಯಾರೂ ಕೇಳಿರಲಿಲ್ಲ. ಡಿಪಿಎಫ್ ಕುರಿತ ಸೂಚನೆ ಇದ್ದದ್ದು ಇಂಗ್ಲಿಷಿನಲ್ಲಿ ಅಚ್ಚಾದ ದಪ್ಪ ಕೈಪಿಡಿಯ ನಡುವಿನ ಪುಟವೊಂದರಲ್ಲಿ. ಕೀ ಹಸ್ತಾಂತರಿಸುವ ದಿನ ಹಾರ ಹಾಕಿ, ಕೇಕ್ ಕತ್ತರಿಸಿ, ಫೋಟೊ ತೆಗೆಯಲು ಅರ್ಧ ಗಂಟೆ ಇರುತ್ತದೆ. ಈ ಒಂದು ಪುಟವನ್ನು ಕನ್ನಡದಲ್ಲಿ ವಿವರಿಸಲು ಐದು ನಿಮಿಷ ಇರುವುದಿಲ್ಲ.

ಎಣ್ಣೆ, ಫಿಲ್ಟರ್ ಬದಲಿಸಿ, ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಹಚ್ಚಿ ಡಿಪಿಎಫ್‌ನ ಮಸಿ ಸುಡಿಸಿ ಕಳುಹಿಸಿದೆವು. ಆದರೆ ತೆಳ್ಳಗಾದ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಓಡಿದ್ದರ ಫಲ ಬೇರೆ ಕಡೆ ಕಾಣಿಸಿಕೊಂಡಿತು. ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಟರ್ಬೊ ಸಿಳ್ಳೆ ಹೊಡೆಯತೊಡಗಿತು; ಬಿಚ್ಚಿ ನೋಡಿದಾಗ ಅದರ ಬೇರಿಂಗ್ ಸವೆದು ಶಾಫ್ಟ್ ಅಲುಗಾಡುತ್ತಿತ್ತು. ಅಷ್ಟರಲ್ಲಿ ಮೂರು ವರ್ಷದ ವಾರಂಟಿ ಮುಗಿದು ಇಪ್ಪತ್ತು ದಿನವಾಗಿತ್ತು. ದೂರು ವಾರಂಟಿಯ ಅವಧಿಯಲ್ಲೇ ಶುರುವಾಗಿತ್ತೆಂದು ತೋರಿಸಿದರೆ ಕಂಪನಿ ಅದನ್ನು ಪರಿಗಣಿಸುತ್ತದೆ ಎಂಬ ಭರವಸೆಯಿಂದ ಕ್ಲೇಮ್ ಹಾಕಿದೆ. ಎರಡು ದಿನದಲ್ಲಿ ಅದು ತಿರಸ್ಕೃತವಾಗಿ ಹಿಂದಿರುಗಿತು. ಗಾಡಿಯ ಹಿಂದಿನ ದಾಖಲೆಯಲ್ಲಿ ಇಂಥ ಯಾವ ದೂರೂ ಇಲ್ಲ ಎಂಬುದು ಅವರು ಕೊಟ್ಟ ಕಾರಣ; ಅದಕ್ಕೆ ಆಧಾರವಾಗಿ ಅವರು ಲಗತ್ತಿಸಿದ್ದು ನನ್ನದೇ ಕೈಯಿಂದ ಎರಡು ಸಲ ಬರೆದ "ಆಯಿಲ್ ಲೆವೆಲ್ ಚೆಕ್, ಓಕೆ."

ಆ ಸಂಜೆ ನನಗೆ ಊಟ ಸೇರಲಿಲ್ಲ. ಒಬ್ಬ ಮನುಷ್ಯ ತನ್ನ ಗಾಡಿಯ ಕಾಯಿಲೆಯನ್ನು ಯಾವ ಸ್ಕ್ಯಾನರ್‌ಗಿಂತ ಮೊದಲೇ ಸರಿಯಾಗಿ ಗುರುತಿಸಿ ಹೇಳಿದ್ದ. ಆ ಮಾತನ್ನು ನಮ್ಮ ವರ್ಕ್‌ಶಾಪಿನ ಭಾಷೆಗೆ ಇಳಿಸುವ ಹೊತ್ತಿಗೆ ಅದರಲ್ಲಿದ್ದ ವಿಷಯವೇ ಆವಿಯಾಗಿತ್ತು. ನಮ್ಮ ಕಾರ್ಡಿನಲ್ಲಿ 'ಕಸ್ಟಮರ್ ವಾಯ್ಸ್' ಎಂಬ ಒಂದು ಕಾಲಮ್ ಇದೆ. ಹನ್ನೊಂದು ವರ್ಷಗಳಲ್ಲಿ ಆ ಕಾಲಮ್ಮಿನಲ್ಲಿ ನಾನು ಬರೆದದ್ದೆಲ್ಲ ನನ್ನ ದನಿಯೇ ಹೊರತು ಗಿರಾಕಿಯದ್ದಾಗಿರಲಿಲ್ಲ.

ಯಜಮಾನರನ್ನು ಕಾಪಾಡಿದ್ದು ಅವರದೇ ಡೈರಿ. ಟ್ರ್ಯಾಕ್ಟರಿನ ಗಂಟೆಯ ಮೀಟರ್ ಬರೆದಿಡುವ ಹಳೆಯ ಅಭ್ಯಾಸದಿಂದ ಅವರು ಪ್ರತಿ ಭಾನುವಾರದ ಕಿಲೋಮೀಟರನ್ನೂ, ಎಣ್ಣೆ ಮೇಲಿನ ಗುರುತಿಗಿಂತ ಎಷ್ಟು ಏರಿದೆ ಎಂಬುದನ್ನೂ ಬರೆದಿದ್ದರು. 'ಅರ್ಧ ಬೆರಳು', 'ಒಂದು ಬೆರಳು' ಎಂದು ಅಳತೆ. ನಮ್ಮಲ್ಲಿಗೆ ಬಂದ ಎರಡೂ ದಿನಾಂಕಗಳು, ಜೊತೆಗೆ "ಗಮನ ಕೊಡಲಿಲ್ಲ" ಎಂಬ ಷರಾ. ಆ ಪುಟಗಳ ಫೋಟೊ ತೆಗೆದು, ನನ್ನ ತಪ್ಪನ್ನು ಒಪ್ಪಿಕೊಂಡ ಒಂದು ಪತ್ರದೊಂದಿಗೆ ಕಂಪನಿಗೆ ಮತ್ತೆ ಕಳುಹಿಸಿದೆ. ವಾರಂಟಿಯ ಹೊರಗೆ ಸೌಜನ್ಯಕ್ಕಾಗಿ ಕೊಡುವ ಗುಡ್‌ವಿಲ್ ಹೆಸರಿನಲ್ಲಿ ಬಿಡಿಭಾಗದ ಬೆಲೆಯನ್ನು ಕಂಪನಿ ಭರಿಸಿತು, ಕೂಲಿಯನ್ನು ಯಜಮಾನರು ಕೊಟ್ಟರು. ಕೂಲಿಯನ್ನೂ ಅವರು ಕೊಡಬೇಕಾಗಿರಲಿಲ್ಲ ಎಂದು ಇಂದಿಗೂ ನನಗನಿಸುತ್ತದೆ.

ಆಮೇಲೆ ನಾನು ಮಾಲೀಕರ ವಾಕ್ಯವನ್ನು ಅವರ ಬಾಯಿಂದ ಬಂದ ಹಾಗೆಯೇ ಬರೆಯತೊಡಗಿದೆ. ಯಾವ ಹೊತ್ತಿನಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಏರಿನಲ್ಲೋ ಇಳಿಜಾರಿನಲ್ಲೋ, ಎಷ್ಟು ಜನ ಕುಳಿತಿದ್ದಾಗ ಎಂಬುದನ್ನು ಕೇಳಿ ಅದನ್ನೂ ಸೇರಿಸುತ್ತೇನೆ. ಇದರಿಂದ ಕಾರ್ಡು ಉದ್ದವಾಯಿತು. "ಕಾದಂಬರಿ ಬರೆದಿದ್ದೀಯಲ್ಲೋ, ಹುಡುಗರು ಓದೋದಾ ಕೆಲಸ ಮಾಡೋದಾ?" ಎಂದು ಫ್ಲೋರ್ ಸೂಪರ್‌ವೈಸರ್ ಗೊಣಗಿದರು.

ಅವರ ಗೊಣಗಾಟ ನಿಂತದ್ದು ಕಾಲೇಜಿನ ಉಪನ್ಯಾಸಕಿಯೊಬ್ಬರ ಗಾಡಿಯಿಂದ. ಅವರದ್ದು ಪೆಟ್ರೋಲ್ ಗಾಡಿ, ಎರಡು ಕ್ಲಚ್ಚಿನ ಡಿಸಿಟಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಬಂದು ಗಾಡಿ ಜಗ್ಗುತ್ತದೆ ಎಂಬುದು ದೂರು. ವರ್ಕ್‌ಶಾಪಿಗೆ ಬರುವಷ್ಟರಲ್ಲಿ ಎಲ್ಲವೂ ತಣ್ಣಗಾಗಿರುತ್ತಿತ್ತು, ಸ್ಕ್ಯಾನರಿನಲ್ಲಿ ದೋಷ ಸೂಚಿಸುವ ಯಾವ ಕೋಡೂ ಸಿಗುತ್ತಿರಲಿಲ್ಲ, 'ತೊಂದರೆ ಕಂಡುಬಂದಿಲ್ಲ' ಎಂಬ ಮುದ್ರೆಯೊಂದಿಗೆ ಎರಡು ಸಲ ಹಿಂದಿರುಗಿತ್ತು. ಮೂರನೆಯ ಸಲ ನಾನು ಕೇಳಿ ಬರೆದುಕೊಂಡೆ: "ಮಂಗಳೂರಿನಿಂದ ಬರುವಾಗ ಮಾತ್ರ. ಶಿರಾಡಿ ಘಾಟಿ ಹತ್ತುವಾಗ ಲಾರಿಗಳ ಹಿಂದೆ ಸಾಲು ನಿಂತಿದ್ದರೆ ಮಾತ್ರ. ಹೋಗುವಾಗ ಒಮ್ಮೆಯೂ ಇಲ್ಲ." ಒಂದು ಭಾನುವಾರ ಅವರ ಜೊತೆಗೇ ಘಾಟಿಗೆ ಹೋಗಿ ಪಕ್ಕದಲ್ಲಿ ಕುಳಿತು ನೋಡಿದೆ. ಏರಿನಲ್ಲಿ ಸಾಲು ನಿಂತಾಗ ಅವರು ಬ್ರೇಕ್ ಒತ್ತದೆ, ಆಕ್ಸಿಲರೇಟರನ್ನು ಚೂರು ಒತ್ತಿ ಗಾಡಿ ಹಿಂದೆ ಜಾರದಂತೆ ಹಿಡಿದುಕೊಳ್ಳುತ್ತಿದ್ದರು. ಆ ಗಾಡಿಯಲ್ಲಿರುವುದು ಒಣ ಕ್ಲಚ್, ಅದಕ್ಕೆ ಎಣ್ಣೆಯ ತಂಪಿಲ್ಲ, ಗಾಳಿಯೇ ಗತಿ. ಏರಿನಲ್ಲಿ ಹೀಗೆ ಅರ್ಧ ಹಿಡಿತದಲ್ಲಿ ನಿಲ್ಲಿಸಿದರೆ ಅದು ಕ್ಷಣಕ್ಷಣಕ್ಕೂ ಉಜ್ಜಿಕೊಂಡು ಕಾಯುತ್ತದೆ. ಬ್ರೇಕ್ ಒತ್ತಿ ನಿಂತು, ಮುಂದೆ ಎರಡು ಗಾಡಿಯಷ್ಟು ಜಾಗ ಬಿಟ್ಟ ಮೇಲೆ ಒಮ್ಮೆಗೇ ಚಲಿಸುವಂತೆ ಹೇಳಿಕೊಟ್ಟೆ. ಒಂದೇ ಒಂದು ಭಾಗವನ್ನೂ ಬದಲಿಸದೆ ದೂರು ನಿಂತಿತು. ಆದರೂ ಅವರು ಕೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ: "ಘಾಟಿಯ ದಾರಿಯಲ್ಲೇ ತವರುಮನೆ ಇದೆ ಎಂದು ಕೊಳ್ಳುವಾಗಲೇ ಹೇಳಿದ್ದೆನಲ್ಲ, ಬೇರೆ ಗೇರ್‌ಬಾಕ್ಸ್ ತೋರಿಸಬಹುದಿತ್ತಲ್ಲ?"

ಎಲ್ಲ ದೂರುಗಳೂ ಇಷ್ಟು ಆಳವಾಗಿರುವುದಿಲ್ಲ. ಮುಂದಿನ ಚಕ್ರದ ಬಳಿ ಕಟಕಟ ಎಂದರೆ ಹತ್ತರಲ್ಲಿ ಏಳು ಸಲ ಸಸ್ಪೆನ್ಷನ್ನಿನ ಸಣ್ಣ ಕೊಂಡಿಯಾದ ಸ್ಟೆಬಿಲೈಸರ್ ಲಿಂಕ್, ಬದಲಿಸಿದರೆ ಮುಗಿಯಿತು. ಡ್ಯಾಶ್‌ಬೋರ್ಡಿನ ಟಚ್‌ಸ್ಕ್ರೀನ್ ಪರದೆ ಹ್ಯಾಂಗ್ ಆಗುವ ದೂರು ನಮ್ಮಲ್ಲಿಗೆ ಬರುವುದರಲ್ಲೇ ಅತಿ ಹೆಚ್ಚು, ಅತಿ ಅಗ್ಗ. ಸಾಫ್ಟ್‌ವೇರ್ ಹಾಕಿ ಕಳುಹಿಸುತ್ತೇವೆ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆಯಂಥವರು ನೂರು ಗಾಡಿಗೆ ಎಷ್ಟು ತೊಂದರೆಗಳೆಂದು ಎಣಿಸಿ ಗಾಡಿಗಳ ಬಾಳಿಕೆಯನ್ನು ಅಳೆಯುತ್ತಾರೆ. ಆ ಎಣಿಕೆಯಲ್ಲಿ ಪರದೆ ಹ್ಯಾಂಗ್ ಆದದ್ದೂ ಒಂದೇ, ಯಜಮಾನರ ಟರ್ಬೊ ಹೋದದ್ದೂ ಒಂದೇ ಆಗುವುದಾದರೆ, ಆ ಅಂಕಿಯನ್ನು ನೋಡಿ ಗಾಡಿ ಕೊಳ್ಳುವವರು ಅದರ ಹಿಂದಿನ ಪಟ್ಟಿಯನ್ನೂ ಓದುವುದು ಒಳ್ಳೆಯದು. ಇನ್ನು ಸಕಲೇಶಪುರದ ಕಡೆಯ ತೋಟಗಳಿಂದ ಬರುವ ಗಾಡಿಗಳಲ್ಲಿ ವೈರ್ ಕತ್ತರಿಸುವ ಇಲಿಗಳ ಪಾಲನ್ನು ಯಾವ ಅಂಕಿಯೂ ಹಿಡಿದಿಡಲಾರದು. ಬಾನೆಟ್ ಒಳಗೆ ಇಲಿ ಓಡಿಸಲು ಇಟ್ಟ ಹೊಗೆಸೊಪ್ಪಿನ ಕಟ್ಟು ಕಂಡರೆ ಯಾವ ಕಡೆಯ ಗಾಡಿಯೆಂದು ನಂಬರ್ ಪ್ಲೇಟ್ ನೋಡದೆ ಹೇಳಬಲ್ಲೆ.

ಯಜಮಾನರು ಗಾಡಿಯನ್ನು ಮಾರಲಿಲ್ಲ. ವಾರಕ್ಕೊಮ್ಮೆ ಹಾಸನದ ಸಂತೆಗೆ ಅದರಲ್ಲೇ ಬರುತ್ತಾರೆ, ದಾರಿಯಲ್ಲಿ ನಿಲ್ಲಿಸದೆ ಒಂದೇ ವೇಗದಲ್ಲಿ ಓಡಿಸುತ್ತಾರೆ. ಜಮೀನಿಗೆ ಮಗನ ಹಳೆಯ ಬೈಕು. ಡಿಪಿಎಫ್ ಇರುವ ಎಂಜಿನ್ನಿಗೆ ಬೂದಿ ಕಡಿಮೆ ಬಿಡುವ ಎಣ್ಣೆಯನ್ನೇ ಹಾಕಬೇಕು, ಮಸಿಯಂತೆ ಬೂದಿ ಸುಟ್ಟುಹೋಗುವುದಿಲ್ಲ, ಫಿಲ್ಟರಿನಲ್ಲೇ ಉಳಿಯುತ್ತದೆ ಎಂದು ನಾನು ಹೇಳಿದ ಮೇಲೆ, ಡಬ್ಬಿಯ ಮೇಲಿನ ಗ್ರೇಡನ್ನು ತಾವೇ ಓದಿ ನೋಡದೆ ಎಣ್ಣೆ ಸುರಿಯಲು ಬಿಡುವುದಿಲ್ಲ. ಡೈರಿಯಲ್ಲಿ ಎಣ್ಣೆ ಈಚೆಗೆ ಗುರುತಿನ ಮೇಲೇರಿಲ್ಲ.

ಇಂದು ಅವರು ಇನ್ನೊಂದು ದೂರು ತಂದಿದ್ದಾರೆ. "ಬೆಳಗ್ಗೆ ಮೊದಲನೇ ಸಲ ಸ್ಟಾರ್ಟ್ ಮಾಡಿ, ಹಟ್ಟಿ ಮುಂದೆ ಎಡಕ್ಕೆ ತಿರುಗಿಸುವಾಗ ಒಂದೇ ಒಂದು ಸಲ ಟಕ್ ಅಂತದೆ. ಆಮೇಲೆ ಇಡೀ ದಿನ ಇಲ್ಲ." ಕಾರ್ಡಿನಲ್ಲಿ ಹಾಗೆಯೇ ಬರೆದಿದ್ದೇನೆ. ಮಧ್ಯಾಹ್ನ ಎಷ್ಟು ತಿರುಗಿಸಿದರೂ ಸದ್ದು ಬರಲಿಲ್ಲವಾದ್ದರಿಂದ ಗಾಡಿಯನ್ನು ರಾತ್ರಿ ನಮ್ಮಲ್ಲೇ ಬಿಟ್ಟುಹೋಗಲು ಕೇಳಿದೆ, ಬಿಟ್ಟಿದ್ದಾರೆ. ನಾಳೆ ಬೆಳಗ್ಗೆ ಆರೂವರೆಗೆ ಹಿರಿಯ ಮೆಕ್ಯಾನಿಕ್ಕೂ ನಾನೂ ಬಂದು, ಬೇರೆ ಯಾರೂ ಕೀ ಮುಟ್ಟುವ ಮೊದಲು ಅದನ್ನು ಸ್ಟಾರ್ಟ್ ಮಾಡುವವರಿದ್ದೇವೆ.