ಕಲಬುರಗಿ ಕೋಟೆ ಗೇಮ್: ಒಂದು ಅಂಕಣ, ಒಂದು ಟ್ರಿಮ್ ಶೀಟ್

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯನ್ನು ನಮ್ಮ ಸಣ್ಣ ತಂಡ ಗೇಮ್‌ಗಾಗಿ 3ಡಿಯಲ್ಲಿ ಕಟ್ಟುತ್ತಿದೆ. ಅದರ ಒಳಭಾಗ ಈಗ ಆಟಗಾರ ಓಡಾಡುವ ಹಂತಕ್ಕೆ ಬಂದಿದೆ. ಗೇಮ್ ಎಂಜಿನ್ ಗೊಡಾಟ್ 4, 3ಡಿ ಮಾಡೆಲ್ ಮಾಡುವ ಬ್ಲೆಂಡರ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರುವ ಹಳೇ ಲ್ಯಾಪ್‌ಟಾಪ್: ಇದರ ಆಚೆ ಹೋಗುವುದಿಲ್ಲ ಎಂದು ಮೊದಲೇ ಗೆರೆ ಹಾಕಿಕೊಂಡಿದ್ದೇವೆ.

1367ರ ಈ ಕಟ್ಟಡದಲ್ಲಿ ಬಯಲು ಅಂಗಳವೇ ಇಲ್ಲ, ಪೂರ್ತಿ ಚಾವಣಿ. ದಪ್ಪ ಕಂಬ, ಚೂಪು ಕಮಾನು, ಮೇಲೆ ಸಣ್ಣ ಗುಮ್ಮಟ. ಇವು ಸೇರಿದ ಒಂದು ಘಟಕವೇ ಅಂಕಣ, ಅದೇ ಸಾಲುಸಾಲಾಗಿ ಬರುತ್ತದೆ. ಹಾಗಾಗಿ ಮಾಡೆಲ್ ಮಾಡಬೇಕಾದ್ದು ಒಂದು ಅಂಕಣ, ಸುತ್ತಲಿನ ಅಗಲ ಕಮಾನು, ಮೂಲೆಯ ಗುಮ್ಮಟ, ಮಿಹ್ರಾಬಿನ (ಪ್ರಾರ್ಥನೆಯ ದಿಕ್ಕು ತೋರುವ ಗೋಡೆಗೂಡು) ಮುಂದಿನ ದೊಡ್ಡ ಗುಮ್ಮಟ, ಇಷ್ಟೇ. ಖರ್ಚು ಏರುವುದು ಬೇರೆ ಬೇರೆ ವಸ್ತುಗಳ ಸಂಖ್ಯೆಯಿಂದ. ಪ್ರತಿಯೊಂದಕ್ಕೂ ಸ್ಕಲ್ಪ್ಟ್ (ಆಕಾರ ಕೆತ್ತುವುದು), ರೀಟೋಪೋ (ಅದನ್ನೇ ಹಗುರವಾಗಿ ಮತ್ತೆ ಕಟ್ಟುವುದು), ಯುವಿ (ಮೇಲ್ಮೈಯನ್ನು ಚಪ್ಪಟೆಯಾಗಿ ಬಿಚ್ಚಿ ಚಿತ್ರಕ್ಕೆ ಹೊಂದಿಸುವುದು), ಬೇಕ್ (ವಿವರವನ್ನು ಮೊದಲೇ ಲೆಕ್ಕ ಹಾಕಿ ಚಿತ್ರಕ್ಕೆ ಇಳಿಸುವುದು), ಮಟೀರಿಯಲ್ (ಮೇಲ್ಮೈಯ ಗುಣ ಕೊಡುವುದು) ಎಂದು ಐದು ಸುತ್ತು ಕೆಲಸ. 2020ರ ದೊಡ್ಡ ಗೇಮ್ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ಕ್ಕೆ ಸುಮಾರು 22 ಕೋಟಿ ಡಾಲರ್ ತಗುಲಿದ್ದು 2023ರಲ್ಲಿ ಕೋರ್ಟ್ ದಾಖಲೆಗಳಿಂದ ಹೊರಬಿತ್ತು. ಅದರ ಬೆನ್ನು ಹತ್ತುವುದು ಸಣ್ಣ ತಂಡದ ದಾರಿ ಅಲ್ಲವೇ ಅಲ್ಲ.

ಮೆಮೊರಿ ಲೆಕ್ಕ ಹೀಗಿದೆ. 4096 ಪಿಕ್ಸೆಲ್ ಚೌಕದ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಕಂಪ್ರೆಸ್ ಮಾಡದಿದ್ದರೆ 64 ಎಂಬಿ, ಮಿಪ್‌ಮ್ಯಾಪ್ (ದೂರದ ನೋಟಕ್ಕೆ ಬಳಸುವ ಕಿರಿದಾದ ಪ್ರತಿಗಳು) ಸೇರಿ 85. ಬಿಸಿ7 ಎಂಬ ಕಂಪ್ರೆಷನ್ ಹಾಕಿದರೆ 21. ಅದನ್ನೇ 2048ಕ್ಕೆ ಇಳಿಸಿದರೆ 5.3. ನಮಗೆ ಬೇಕಾದ ಮ್ಯಾಪ್‌ಗಳು (ಟೆಕ್ಸ್ಚರ್‌ಗಳು): ಬಣ್ಣ, ಉಬ್ಬುತಗ್ಗಿನ ಭ್ರಮೆ ಕೊಡುವ ನಾರ್ಮಲ್, ಮತ್ತು ನೆರಳು-ಒರಟುತನ-ಲೋಹ ಮೂರನ್ನೂ ಕೆಂಪು-ಹಸಿರು-ನೀಲಿ ಚಾನೆಲ್‌ಗಳಲ್ಲಿ ತುಂಬಿದ ಇನ್ನೊಂದು. ಒಟ್ಟು ಮೂರು ಮ್ಯಾಪ್, 16 ಎಂಬಿ. ಮೀಟರಿಗೆ 512 ಪಿಕ್ಸೆಲ್ ಹಿಡಿದರೆ ಒಂದು ಶೀಟ್ 4 ಮೀಟರ್ ಅಗಲಕ್ಕೆ ಸಾಕು. ಗಾರೆ, ಕಮಾನಿನ ಅಂಚು, ಕಂಬದ ಬುಡ, ಎಲ್ಲವೂ ಅದರಲ್ಲೇ ಅಡ್ಡಪಟ್ಟಿಗಳಾಗಿ ಕೂತಿವೆ; ಟ್ರಿಮ್ ಶೀಟ್ ಎಂದರೆ ಇದೇ. ಪಟ್ಟಿ-ಪಟ್ಟಿ ನಡುವೆ 16 ಪಿಕ್ಸೆಲ್ ಬಿಟ್ಟು, ಆ ಜಾಗಕ್ಕೂ ಅಂಚಿನ ಬಣ್ಣವನ್ನೇ ಎಳೆಯಬೇಕು. ಇಲ್ಲದಿದ್ದರೆ ದೂರದಿಂದ ನೋಡುವಾಗ ಪಕ್ಕದ ಪಟ್ಟಿಯ ಬಣ್ಣ ಗೆರೆಯಾಗಿ ಇಣುಕುತ್ತದೆ.

ಡೌನ್‌ಲೋಡ್ ಮಾಡಿದ ನಾರ್ಮಲ್ ಮ್ಯಾಪ್ ಡೈರೆಕ್ಟ್‌ಎಕ್ಸ್ ಬಗೆಯದಾದರೆ (ಅದರ ಹಸಿರು ಚಾನೆಲ್ ಗೊಡಾಟ್‌ಗೆ ತಲೆಕೆಳಗು) ಗಾರೆಯ ಉಬ್ಬು ತಗ್ಗಾಗಿ ಕಾಣುತ್ತದೆ. ಹಸಿರು ಚಾನೆಲ್ ತಿರುಗಿಸಿದರೆ ಸರಿ.

ಬೆಳಕು ಮೊದಲೇ ಲೆಕ್ಕವಾಗಿ ಲೈಟ್‌ಮ್ಯಾಪ್ ಎಂಬ ಚಿತ್ರದಲ್ಲಿ ಬೇಕ್ ಆಗಿದೆ. ಈ ಮಸೀದಿಯ ಸೊಗಸೇ ಪಕ್ಕದ ಕಮಾನುಗಳಿಂದ ಬಂದು ಬಿಳಿ ಗೋಡೆಗಳಲ್ಲಿ ಮೆತ್ತಗೆ ಹರಡುವ ಬೆಳಕು. ಸಮಯ ಸುರಿಯಬೇಕಾದ್ದು ಇಲ್ಲಿ. ಗೋಡೆಗೆ ದಪ್ಪ ಇಲ್ಲದೆ ಬರೀ ಹಾಳೆಯಂತಿದ್ದರೆ ಮೂಲೆಗಳಲ್ಲಿ ಬೆಳಕು ಸೋರುತ್ತದೆ. ಗೋಡೆಗೆ ನಿಜವಾದ ದಪ್ಪ ಕೊಟ್ಟು, ತುಂಡುಗಳನ್ನು ಒಂದರೊಳಗೊಂದು ತುಸು ತೂರಿಸಿದ ಮೇಲೆ ಸೋರಿಕೆ ನಿಂತಿತು. ಬೇಸಿಗೆಯಲ್ಲಿ ಬೇಕ್ ಮಾಡುವವರು ಬೆಳಗಿನ ಜಾವ ಮಾಡಿ. ನಮ್ಮ ಕಡೆಯ ಮೇ ಮಧ್ಯಾಹ್ನದಲ್ಲಿ ಲ್ಯಾಪ್‌ಟಾಪ್ ಬಿಸಿಯಾಗಿ ವೇಗ ತಾನೇ ಇಳಿಸಿಕೊಳ್ಳುತ್ತದೆ.

ಮೇಲಿನ ಸಣ್ಣ ಗುಮ್ಮಟಗಳೆಲ್ಲ ಮಲ್ಟಿಮೆಶ್, ಅಂದರೆ ಒಂದೇ ಮಾಡೆಲ್‌ನ ಹಲವು ಪ್ರತಿಗಳನ್ನು ಒಟ್ಟಿಗೆ ಡ್ರಾ ಮಾಡುವ ವಿಧಾನ. ಆದರೆ ಒಂದು ಗುಮ್ಮಟ ಕಂಡರೂ ಇಡೀ ಮಲ್ಟಿಮೆಶ್ ಡ್ರಾ ಆಗುತ್ತದೆ, ಅದಕ್ಕೇ ನಾಲ್ಕು ಭಾಗ ಮಾಡಿದ್ದೇವೆ.

ಮುಂದಿನ ಕೆಲಸ ಸುತ್ತಲಿನ ಅಗಲ ಕಮಾನು. ಬಾಗಿದ ಕಮಾನಿನ ಯುವಿಯನ್ನು ನೇರ ಪಟ್ಟಿಯಾಗಿ ನೆಟ್ಟಗೆ ಮಾಡಿದಾಗ ಒಳ ಅಂಚು ಗಿಡ್ಡ, ಹೊರ ಅಂಚು ಉದ್ದವಾಗಿ ಗಾರೆ ಎಳೆದಂತೆ ಕಾಣುತ್ತಿದೆ. ಅಂಚುಪಟ್ಟಿಯನ್ನು ಕಿರಿದು ಮಾಡಿ, ನಡುಗೆರೆಯ ಉದ್ದಕ್ಕೆ ಅಳತೆ ಹೊಂದಿಸಿ ನೋಡುತ್ತಿದ್ದೇವೆ.