ಶಾಲೆ ಶುರುವಾಗಿ ವಾರ ಕಳೆದರೂ ಪಾಠ ಏಕೆ ಶುರುವಾಗಿಲ್ಲ?

ಪ್ರತಿ ವರ್ಷ ಜೂನ್ ತಿಂಗಳ ಎರಡನೆಯ ವಾರದಲ್ಲಿ, ಮಗುವನ್ನು ಮನೆಗೆ ಕರೆದೊಯ್ಯಲು ಬಂದ ತಂದೆಯೋ ತಾಯಿಯೋ ಶಾಲೆಯ ಜಗಲಿಯ ಮೇಲೆ ನಿಂತು ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ. "ಟೀಚರೇ, ಶಾಲೆ ಶುರುವಾಗಿ ಇಷ್ಟು ದಿನವಾಯಿತು, ಪುಸ್ತಕದಲ್ಲಿ ಒಂದಕ್ಷರವೂ ಕಾಣುತ್ತಿಲ್ಲವಲ್ಲ, ಪಾಠ ಯಾವಾಗ ಶುರು ಮಾಡುತ್ತೀರಿ?" ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕ ಮಿತ್ರರೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ಪಠ್ಯ ಮುಗಿಸಬೇಕಾದ ಒತ್ತಡವಿರುವಾಗ, ಕೊಡೆ ಎಲ್ಲಿಡಬೇಕು, ಕೈ ಹೇಗೆ ತೊಳೆಯಬೇಕು ಎಂಬುದನ್ನು ಕಲಿಸುತ್ತ ಎರಡು ವಾರ ಕಳೆಯುವುದು ಸರಿಯೇ ಎಂಬುದು ಅವರ ಅನುಮಾನ. ಜಗಲಿಯ ಮೇಲೆ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದಾದ ಉತ್ತರ ಇದಕ್ಕಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಮೂಡಿಗೆರೆ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಒಂದರಿಂದ ಐದನೆಯ ತರಗತಿಯವರೆಗೆ ಮೂವತ್ತೊಂದು ಮಕ್ಕಳು, ಇಬ್ಬರು ಶಿಕ್ಷಕರು. ಒಂದು, ಎರಡು ಮತ್ತು ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ನನ್ನೊಡನೆ ನಲಿ-ಕಲಿ ಪದ್ಧತಿಯಲ್ಲಿ ಕಲಿಯುತ್ತಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ಈ ಪದ್ಧತಿಯಲ್ಲಿ ಮಗು ತಾನು ಏಣಿಯ ಯಾವ ಮೆಟ್ಟಿಲಿನಲ್ಲಿದ್ದೇನೆಂದು ಗೋಡೆಯ ಮೇಲಿನ ಕಲಿಕಾ ಏಣಿಯನ್ನು (ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಂತೆ ತೋರಿಸುವ ಪಟ) ನೋಡಿ ತಿಳಿಯಬೇಕು, ಆ ಮೆಟ್ಟಿಲಿನ ಚಿಹ್ನೆಯಿರುವ ಕಾರ್ಡನ್ನು ತಾನೇ ತೆಗೆದುಕೊಳ್ಳಬೇಕು, ತನ್ನ ಗುಂಪಿನ ಗುರುತಾದ ತಟ್ಟೆಯ ಸುತ್ತ ಹೋಗಿ ಕೂರಬೇಕು, ಮುಗಿದ ಮೇಲೆ ಕಾರ್ಡನ್ನು ಇದ್ದಲ್ಲಿಯೇ ಇಡಬೇಕು. ಇಷ್ಟೂ ಮಗುವಿಗೆ ಅಭ್ಯಾಸವಾಗಿರುತ್ತದೆಂಬ ನಂಬಿಕೆಯ ಮೇಲೆಯೇ ಇಡೀ ಪದ್ಧತಿ ನಿಂತಿದೆ. ಅಭ್ಯಾಸವಾಗದಿದ್ದರೆ ಇಪ್ಪತ್ತು ಮಕ್ಕಳು ಒಟ್ಟಿಗೆ ನನ್ನ ಸುತ್ತ ನೆರೆದು "ಟೀಚರ್, ಈಗ ಏನು ಮಾಡಲಿ?" ಎಂದು ಕೇಳುತ್ತಾರೆ, ಆಗ ಓದಲು ತಡವರಿಸುವ ಮಗುವಿನ ಪಕ್ಕದಲ್ಲಿ ಹತ್ತು ನಿಮಿಷ ಕೂರುವುದಕ್ಕೂ ನನಗೆ ಬಿಡುವಾಗುವುದಿಲ್ಲ.

ಹೆತ್ತವರಿಗೆ ನಾನು ಮೊದಲು ಒಂದು ಲೆಕ್ಕ ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಬೋಧನೆ ನಡೆಯಬೇಕು. ಅಂದರೆ ದಿನಕ್ಕೆ ನಾಲ್ಕು ಗಂಟೆ. ಚಪ್ಪಲಿ ಹುಡುಕುವುದು, ಲೋಟಕ್ಕೆ ಜಗಳವಾಡುವುದು, ಗುಂಪು ಬದಲಾಗುವಾಗಿನ ಗದ್ದಲ, ಊಟದ ನಂತರ ಕೊಠಡಿಗೆ ಮರಳುವ ವಿಳಂಬ ಇವುಗಳಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಸೋರಿಹೋಯಿತೆಂದು ಇಟ್ಟುಕೊಳ್ಳಿ. ಇನ್ನೂರು ದಿನಕ್ಕೆ 4,000 ನಿಮಿಷ, ಅಂದರೆ ಸುಮಾರು 67 ಗಂಟೆ, ಹದಿನಾರು ದಿನಗಳಿಗೂ ಹೆಚ್ಚಿನ ಪಾಠ. ಜೂನ್‌ನಲ್ಲಿ ನಾನು ವ್ಯಯಿಸುವ ಸಮಯವಾದರೋ ಮೊದಲ ಹತ್ತು ದಿನಗಳ ಅರ್ಧ ಭಾಗ ಮಾತ್ರ. ಉಳಿದರ್ಧದಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಹೊಸ ತರಗತಿಗೆ ಜೋಡಿಸುವ ಕೆಲಸ, ನಡೆದೇ ಇರುತ್ತದೆ. ಹಿಂದಿನ ವರ್ಷದ ಕಲಿಕೆ ಎಷ್ಟು ಉಳಿದಿದೆಯೆಂದು ನೋಡುವ ನೈದಾನಿಕ ಪರೀಕ್ಷೆ ಬಹುಪಾಲು ಬಾಯಿಮಾತಿನದಾದ್ದರಿಂದ ಅದು ನೋಟ್ ಪುಸ್ತಕದಲ್ಲಿ ಕಾಣುವುದಿಲ್ಲ, ಅಷ್ಟೆ.

ಆದರೆ ಲೆಕ್ಕಕ್ಕಿಂತ ಮುಖ್ಯವಾದದ್ದು ಬೇರೆಯಿದೆ, ಅದನ್ನು ನಾನು ತಪ್ಪು ಮಾಡಿಯೇ ಕಲಿತೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಕಡೂರು ಕಡೆಯ ಬಯಲುಸೀಮೆಯ ಒಂದು ಶಾಲೆಯಲ್ಲಿದ್ದೆ. ಶಿಸ್ತು ಬೇಕೆಂದು ಹದಿನಾಲ್ಕು ನಿಯಮಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಮೊದಲ ದಿನ ಗಟ್ಟಿಯಾಗಿ ಓದಿ ಹೇಳಿದೆ. ಅದರಲ್ಲಿ "ಕೇಳದೆ ಹೊರಗೆ ಹೋಗಬಾರದು" ಎಂಬುದೂ ಒಂದು. ಎರಡನೆಯ ವಾರ, ಒಂದನೆಯ ತರಗತಿಯ ಒಬ್ಬ ಹುಡುಗ ನಾನು ಬೇರೊಂದು ಗುಂಪಿನಲ್ಲಿ ಮಗ್ನಳಾಗಿದ್ದಾಗ ಕೇಳಲು ಧೈರ್ಯ ಸಾಲದೆ ಕೂತಲ್ಲಿಯೇ ಚಡ್ಡಿ ಒದ್ದೆ ಮಾಡಿಕೊಂಡ, ಮರುದಿನದಿಂದ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಆ ನಾಲ್ಕು ದಿನ ನನಗೆ ಊಟ ರುಚಿಸಲಿಲ್ಲ. ಧೈರ್ಯವಿದ್ದ ಮಕ್ಕಳು ನನ್ನ ನಿಯಮವನ್ನು ಹೇಗೋ ನಿಭಾಯಿಸಿದ್ದರು, ಪುಕ್ಕಲು ಮಗುವಿಗೆ ಮಾತ್ರ ಅದು ಶಿಕ್ಷೆಯಾಗಿತ್ತು. ಈಗ ನನ್ನ ಕೊಠಡಿಯ ಬಾಗಿಲ ಬಳಿ ಎರಡು ಮರದ ಬಿಲ್ಲೆಗಳು ಮೊಳೆಯಲ್ಲಿ ನೇತಾಡುತ್ತವೆ, ಹೆಣ್ಣುಮಕ್ಕಳಿಗೆ ಒಂದು, ಗಂಡುಮಕ್ಕಳಿಗೆ ಒಂದು. ಬಿಲ್ಲೆ ಮೊಳೆಯಲ್ಲಿದ್ದರೆ ಕೊರಳಿಗೆ ಹಾಕಿಕೊಂಡು ಶೌಚಾಲಯಕ್ಕೆ ಹೋಗಿ ಬರಬಹುದು, ಇಲ್ಲದಿದ್ದರೆ ಹೋದವರು ಬರುವ ತನಕ ಕಾಯಬೇಕು; ತಡೆಯಲಾಗದಿದ್ದರೆ ಕಾಯಬೇಕಿಲ್ಲ. ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ, ಮತ್ತು ಎಷ್ಟು ಮಂದಿ ಹೊರಗಿದ್ದಾರೆಂಬುದು ಕೂತಲ್ಲಿಂದಲೇ ನನಗೆ ಗೊತ್ತಿರುತ್ತದೆ.

ನಿತ್ಯಕ್ರಮ ಎಂಬ ಮಾತನ್ನು ನಾನು ಈ ಅರ್ಥದಲ್ಲಿ ಬಳಸುತ್ತೇನೆ. ಕೈಕಟ್ಟಿ, ಬಾಯಿಯ ಮೇಲೆ ಬೆರಳಿಟ್ಟು ಕೂರಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಾತು ಬಾರದ, ಹೆದರುವ, ಹೊಸದಾಗಿ ಬಂದ ಮಗುವಿಗೂ ಮುಂದಿನ ಹೆಜ್ಜೆ ಯಾವುದೆಂದು ಯಾರ ಮುಖವನ್ನೂ ನೋಡದೆ ತಿಳಿಯುವಂತಿರಬೇಕು ಎಂಬುದಷ್ಟೇ ನನ್ನ ಉದ್ದೇಶ.

ಇಂಥ ಕ್ರಮಗಳನ್ನು ಬೇರೆ ಊರಿನಿಂದ ಎರವಲು ತರಲು ಬರುವುದಿಲ್ಲ. ಕಡೂರಿನ ಶಾಲೆಯಲ್ಲಿ ನನ್ನ ಮೊದಲ ಕ್ರಮ ಕುಡಿಯುವ ನೀರಿನದಾಗಿತ್ತು. ಇಲ್ಲಿ ಅದು ಮಳೆಯದು. ಮೂಡಿಗೆರೆಯ ಜೂನ್ ತಿಂಗಳಿನಲ್ಲಿ ಮೂವತ್ತೊಂದು ಮಕ್ಕಳೆಂದರೆ ಮೂವತ್ತೊಂದು ನೀರು ಸುರಿಯುವ ಕೊಡೆ ಅಥವಾ ರೈನ್‌ಕೋಟು, ಕೆಸರು ಮೆತ್ತಿದ ಅರುವತ್ತೆರಡು ಕಾಲು, ಜೊತೆಗೆ ಲೆಕ್ಕವಿಲ್ಲದಷ್ಟು ಇಂಬಳ (ಜಿಗಣೆ). ಜಗಲಿಯುದ್ದಕ್ಕೂ ಬಿದಿರಿನ ಗಳ ಕಟ್ಟಿಸಿ, ಪ್ರತಿ ಮಗುವಿಗೂ ಒಂದು ಚಿತ್ರ ಕೊಟ್ಟು (ಓದಲು ಬಾರದವರಿಗೂ ತಿಳಿಯಲೆಂದು ಅಂಕಿಯ ಬದಲು ಚಿತ್ರ), ಆ ಚಿತ್ರದ ಕೆಳಗೆ ಕೊಡೆ ನೇತುಹಾಕಬೇಕು ಎಂದು ಗೊತ್ತುಮಾಡಿದ್ದೇವೆ. ಆಮೇಲೆ ಬಕೆಟ್ಟಿನ ನೀರಿನಲ್ಲಿ ಕಾಲು ತೊಳೆದು, ಗೋಣಿತಾಟಿನ ಮೇಲೆ ಒರೆಸಿಕೊಂಡು, ಜೊತೆಗಾರರ ಕಾಲನ್ನು ಪರಸ್ಪರ ನೋಡಬೇಕು. ಇಂಬಳ ಕಚ್ಚಿದ್ದರೆ ಕಿತ್ತೆಳೆಯದೆ ಉಪ್ಪಿನ ಡಬ್ಬಿಯಿರುವಲ್ಲಿಗೆ ಬರಬೇಕು. ಮೊದಲ ದಿನ ಇದಕ್ಕೆಲ್ಲ ಮುಕ್ಕಾಲು ಗಂಟೆ ಹಿಡಿಯುತ್ತದೆ. ಜೂನ್ ಕೊನೆಗೆ ಆರೇಳು ನಿಮಿಷ ಸಾಕು, ಅದೂ ನಾನು ಪಕ್ಕದಲ್ಲಿರದಿದ್ದರೂ.

ಮಳೆಯಿಂದಾಗಿ ಕಲಿತ ಇನ್ನೊಂದು ಪಾಠವನ್ನು ಹೊಸ ಶಿಕ್ಷಕರಿಗೆ ನಾನು ಒತ್ತಿ ಹೇಳುತ್ತೇನೆ. ನಮ್ಮ ಕೊಠಡಿಯ ಮೇಲಿರುವುದು ತಗಡಿನ ಶೀಟು. ಮಳೆ ಜೋರಾದರೆ ಎರಡು ಮಾರು ದೂರದ ಮಗುವಿಗೆ ನನ್ನ ಮಾತು ಕೇಳುವುದಿಲ್ಲ, ಚಪ್ಪಾಳೆಯೂ ಕೇಳುವುದಿಲ್ಲ, ಗಂಟೆಯೂ ಅಷ್ಟಕ್ಕಷ್ಟೆ. ಕಿರುಚಿದರೆ ಗಂಟಲು ಕೆಡುತ್ತದೆ, ಮಕ್ಕಳು ನನಗಿಂತ ಜೋರಾಗಿ ಕಿರುಚಲು ಕಲಿಯುತ್ತಾರೆ. ಹಾಗಾಗಿ ನಮ್ಮಲ್ಲಿ ಸೂಚನೆಗಳೆಲ್ಲ ಕಣ್ಣಿಗೆ ಕಾಣುವಂಥವು. ನಾನು ಕೈಯೆತ್ತಿ ನಿಂತರೆ ನೋಡಿದವರು ತಾವೂ ಕೈಯೆತ್ತಿ ಪಕ್ಕದವರನ್ನು ಮೆಲ್ಲಗೆ ಮುಟ್ಟಬೇಕು, ಕೆಲವು ಕ್ಷಣಗಳಲ್ಲಿ ಕೊಠಡಿ ತುಂಬ ಕೈಗಳು ಏಳುತ್ತವೆ. ಹಳದಿ ಬಟ್ಟೆ ತೋರಿಸಿದರೆ ಕಾರ್ಡು ಇಟ್ಟು ಗುಂಪು ಬದಲಿಸಬೇಕು, ನೀಲಿ ಬಟ್ಟೆ ತೋರಿಸಿದರೆ ಊಟದ ತಟ್ಟೆ ಹಿಡಿದು ಕೈತೊಳೆಯುವ ಸಾಲಿಗೆ ಹೋಗಬೇಕು.

ಕಣ್ಣಿಗೆ ಕಾಣುವ ಈ ಸೂಚನೆಗಳಿಂದ ನಾನು ನಿರೀಕ್ಷಿಸದಿದ್ದ ಇನ್ನೊಂದು ಉಪಕಾರವಾಯಿತು. ನಮ್ಮ ಸುತ್ತಲಿನ ಕಾಫಿ ತೋಟಗಳ ಲೈನ್‌ಮನೆಗಳಿಗೆ (ಕಾರ್ಮಿಕರ ಸಾಲುಮನೆಗಳಿಗೆ) ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಅನೇಕ ಕುಟುಂಬಗಳು ಬಂದಿವೆ, ಮೊದಲಿನಿಂದಲೂ ತಮಿಳು, ತುಳು ಮನೆಮಾತಿನವರು ಇದ್ದೇ ಇದ್ದಾರೆ. ಎರಡು ವರ್ಷದ ಹಿಂದೆ ಜೂನ್ ಮಧ್ಯದಲ್ಲಿ ಅಸ್ಸಾಮಿನ ಒಬ್ಬ ಹುಡುಗಿ ಎರಡನೆಯ ತರಗತಿಗೆ ಸೇರಿದಳು, ಕನ್ನಡದ ಒಂದು ಪದವೂ ಬರುತ್ತಿರಲಿಲ್ಲ. ಮೊದಲ ದಿನ ಕೊಡೆಯನ್ನು ಎದೆಗವುಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಮೀನಿನ ಚಿತ್ರ ಕೊಟ್ಟೆವು. ಮೂರನೆಯ ದಿನ ಮೀನಿನ ಕೆಳಗೆ ತಾನೇ ಕೊಡೆ ನೇತುಹಾಕಿದಳು. ಎರಡನೆಯ ವಾರ ಹಳದಿ ಬಟ್ಟೆ ಕಂಡೊಡನೆ ಎಲ್ಲರಿಗಿಂತ ಮೊದಲು ಕಾರ್ಡು ಎತ್ತಿಟ್ಟು, ಒಂದನೆಯ ತರಗತಿಯ ಇಬ್ಬರು ಪುಟ್ಟ ಮಕ್ಕಳನ್ನು ಕೈಹಿಡಿದು ಅವರ ತಟ್ಟೆಯ ಬಳಿಗೆ ಕರೆದೊಯ್ದಳು. "ಬಾ", "ಇಲ್ಲಿ", "ಕೂತ್ಕೊ" ಎಂಬ ಮೂರು ಪದಗಳು ಅವಳ ಬಾಯಿಂದ ಬಂದ ಮೊದಲ ಕನ್ನಡ. ಅವುಗಳನ್ನು ಅವಳು ಕಲಿತದ್ದು ಯಾವ ಪಾಠದಿಂದಲೂ ಅಲ್ಲ.

ಇನ್ನು ಕಲಿಸುವ ಬಗೆ. ಹೇಳಿದ್ದು ಕಲಿಸಿದಂತಲ್ಲ ಎಂಬುದು ಕಡೂರಿನ ಹದಿನಾಲ್ಕು ನಿಯಮಗಳಿಂದಲೇ ನನಗೆ ತಿಳಿದಿತ್ತು. ಈಗ ದಿನಕ್ಕೆ ಒಂದೇ ಕ್ರಮವನ್ನು ತೆಗೆದುಕೊಳ್ಳುತ್ತೇನೆ. ಮೊದಲು ನಾನೇ ಮಾಡಿ ತೋರಿಸುತ್ತೇನೆ, ಆಮೇಲೆ ಬೇಕೆಂದೇ ತಪ್ಪಾಗಿ ಮಾಡುತ್ತೇನೆ. ಸೋಪು ಹಚ್ಚದೆ ಕೈ ನೆನೆಸಿ ಹೊರಟರೆ ಮಕ್ಕಳು ಕೂಗಿ ಹಿಡಿಯುತ್ತಾರೆ. ಆ ಬಳಿಕ ಇಬ್ಬಿಬ್ಬರಾಗಿ ಮಾಡುತ್ತಾರೆ, ಕೊನೆಗೆ ಎಲ್ಲರೂ. ಹಾಲಿನ ಲೋಟ ತೆಗೆದುಕೊಂಡು, ಕುಡಿದು, ತೊಳೆದು ಬೋರಲು ಹಾಕುವ ಅಭ್ಯಾಸವನ್ನು ಖಾಲಿ ಲೋಟದಲ್ಲೇ ಒಮ್ಮೆ ಮಾಡಿಸುತ್ತೇನೆ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಯೋಜನೆ ಆರಂಭವಾದ ಹೊಸತರಲ್ಲಿ ಬಿಸಿ ಹಾಲಿನ ಸುತ್ತ ನೂಕುನುಗ್ಗಲು ನೋಡಿ ನನ್ನ ಎದೆ ನಡುಗುತ್ತಿತ್ತು, ಆ ಅಭ್ಯಾಸ ಅಂದಿನಿಂದ ಬಂದದ್ದು. ಒಟ್ಟು ಕ್ರಮಗಳು ಆರು: ಬರುವುದು, ಹೊರಗೆ ಹೋಗಿಬರುವುದು, ಹಾಲು, ಗುಂಪು ಬದಲಿಸುವುದು, ಊಟ, ಮನೆಗೆ ಹೊರಡುವುದು. ಏಳನೆಯದನ್ನು ಸೇರಿಸುವ ಆಸೆ ಪ್ರತಿ ವರ್ಷ ಹುಟ್ಟುತ್ತದೆ, ಪ್ರತಿ ವರ್ಷ ಅದನ್ನು ತಡೆದುಕೊಳ್ಳುತ್ತೇನೆ.

ಜಿಲ್ಲಾಡಳಿತ ಮಳೆ ರಜೆ ಘೋಷಿಸಿದಾಗ ಎರಡು ಮೂರು ದಿನ ಶಾಲೆಯಿರುವುದಿಲ್ಲ. ಮರಳಿದ ದಿನ ಬೆಳಿಗ್ಗೆ ಅರ್ಧ ಗಂಟೆ ಆರನ್ನೂ ಮತ್ತೊಮ್ಮೆ ಮಾಡಿಸುವುದನ್ನು ನಾನು ಎಂದೂ ತಪ್ಪಿಸುವುದಿಲ್ಲ. ದಸರಾ ರಜೆಯ ನಂತರವೂ ಹಾಗೆಯೇ.

ತಡವಾಗಿ ಬರುವ ಮಕ್ಕಳ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ. ಅಪ್ಪ ಅಮ್ಮ ಬೆಳಿಗ್ಗೆಯೇ ತೋಟದ ಕೆಲಸಕ್ಕೆ ಹೋದ ಮೇಲೆ ಚಿಕ್ಕ ತಮ್ಮನನ್ನು ಎಬ್ಬಿಸಿ, ಉಣಿಸಿ, ಅಂಗನವಾಡಿಗೆ ಬಿಟ್ಟು ಎರಡು ಕಿಲೋಮೀಟರ್ ನಡೆದು ಬರುವ ಎಂಟು ವರ್ಷದ ಹುಡುಗಿಯನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಅವಳು ಮರುದಿನ ಬೇಗ ಬರುವುದಿಲ್ಲ, ಬರುವುದನ್ನೇ ಬಿಡುತ್ತಾಳೆ. ಆದ್ದರಿಂದ ತಡವಾಗಿ ಬಂದವರಿಗೂ ದಾರಿಯಿದೆ: ಕೊಡೆ ಇಟ್ಟು, ಕಾಲು ತೊಳೆದು, ಒಳಗೆ ಬಂದು ಏಣಿ ನೋಡಿ, ಕಾರ್ಡು ತೆಗೆದುಕೊಂಡು ಕೂರುವುದು. ಕಾರಣವನ್ನು ಹಾಲು ಕುಡಿಯುವಾಗ ಪಕ್ಕದಲ್ಲಿ ಕೂತು ಕೇಳುತ್ತೇನೆ.

ಆರರಲ್ಲಿ ನಾನು ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸುವುದು ಕೊನೆಯದನ್ನು. ನಮ್ಮ ಮಕ್ಕಳಲ್ಲಿ ಒಂಬತ್ತು ಮಂದಿ ಹಳ್ಳ ದಾಟಿ ಮನೆಗೆ ಹೋಗಬೇಕು, ಅಲ್ಲಿರುವುದು ಅಡಿಕೆ ಮರದ ಕಾಲುಸಂಕ (ನಡೆದು ದಾಟುವ ಕಿರುಸೇತುವೆ). ಹೊರಡುವ ಹತ್ತು ನಿಮಿಷ ಮೊದಲು ಮಕ್ಕಳು ದಾರಿಗೊಂದರಂತೆ ನಾಲ್ಕು ಸಾಲುಗಳಲ್ಲಿ ಜಗಲಿಯ ಮೇಲೆ ಕೂರುತ್ತಾರೆ, ಪ್ರತಿ ಸಾಲಿನಲ್ಲೂ ದೊಡ್ಡ ಮಗುವೊಂದು ತಲೆ ಎಣಿಸಿ ನನಗೆ ಹೇಳುತ್ತದೆ. ಮಧ್ಯಾಹ್ನ ಮಳೆ ಹಿಡಿದುಕೊಂಡ ದಿನ ಸಂಕದ ಸಾಲು ಏಳುವುದೇ ಇಲ್ಲ. ದೊಡ್ಡವರು ಬರುವ ತನಕ ನಾವಿಬ್ಬರಲ್ಲಿ ಒಬ್ಬರು ಆ ಸಾಲಿನೊಡನೆ ಕೂತಿರುತ್ತೇವೆ, ಕತ್ತಲಾದರೂ ಸರಿಯೇ. ಇದನ್ನು ಮೊದಲ ದಿನವೇ ಮಕ್ಕಳಿಗೂ ಹೆತ್ತವರಿಗೂ ಒಟ್ಟಿಗೆ ಹೇಳಿರುತ್ತೇವೆ, ಏಕೆಂದರೆ ಹಳ್ಳ ಏರಿದ ಸಂಜೆ ಕೂತು ಯೋಚಿಸಲು ಸಮಯವಿರುವುದಿಲ್ಲ.

ಹೀಗಿರುವುದರಿಂದ, ಪಾಠ ಯಾವಾಗ ಶುರು ಎಂದು ಕೇಳುವ ತಂದೆ ತಾಯಂದಿರಲ್ಲಿ ನನ್ನ ಕೋರಿಕೆಗಳು ಎರಡು. ಕೊಡೆಯ ಹಿಡಿಗೆ ಮಗುವಿನ ಚಿತ್ರವಿರುವ ಚೀಟಿಯನ್ನು ಪ್ಲಾಸ್ಟಿಕ್ ಸುತ್ತಿ ಕಟ್ಟಿಕೊಡಿ, ಚೀಟಿಯನ್ನು ನಾವೇ ಕೊಡುತ್ತೇವೆ. ಸಂಜೆ ಮನೆಯಲ್ಲಿ "ಇವತ್ತು ಏನು ಬರೆದೆ?" ಎನ್ನುವ ಬದಲು "ಇವತ್ತು ಯಾವ ತಟ್ಟೆಯಲ್ಲಿ ಕೂತಿದ್ದೆ, ಯಾವ ಕಾರ್ಡು ತೆಗೆದುಕೊಂಡೆ?" ಎಂದು ಕೇಳಿ. ಮಗು ತಡವರಿಸದೆ ಉತ್ತರಿಸಿದ ದಿನ, ಪಾಠ ಶುರುವಾಗಿದೆಯೆಂದು ನಿಮಗೆ ತಿಳಿಯುತ್ತದೆ. ನೋಟ್ ಪುಸ್ತಕದಲ್ಲಿ ಬರವಣಿಗೆ ಸಾಮಾನ್ಯವಾಗಿ ಜೂನ್ ಮೂರನೆಯ ವಾರದಿಂದ ಕಾಣತೊಡಗುತ್ತದೆ. ಮಳೆ ರಜೆ ಹೆಚ್ಚಾದ ವರ್ಷ ನಾಲ್ಕನೆಯ ವಾರವಾಗಬಹುದು.